ಹೇಳಿಕೊಡದ ಗುರುತು

ಮುದ್ದೇಬಿಹಾಳದ ಬಾಬುಲಾಲ ಮಾಸ್ತರರ ಮದುವೆ ಬ್ಯಾಂಡಿನಲ್ಲಿ ದಾವಲಮಲಿಕ ದಪ್ಪ ದನಿಯ ಹಿತ್ತಾಳೆ ವಾದ್ಯ ಊದುತ್ತಿದ್ದ. ಮಾಸ್ತರರು ಹಿಂದೆ ಮಿಲಿಟರಿ ಬ್ಯಾಂಡಿನಲ್ಲಿದ್ದವರು. ಐದು ಗೆರೆಗಳ ಮೇಲೆ ಬರೆದ ಸ್ವರಗಳನ್ನು ಓದಲು ಅವನಿಗೆ ಕಲಿಸಿದವರು ಅವರೇ. ಗೆರೆಗಳ ಮೊದಲಿಗೆ ಸುರುಳಿಯಂಥ ಗುರುತೊಂದು ಇರುತ್ತಿತ್ತು.

“ಇದೇನ್ರಿ, ಮಾಸ್ತರ?”

“ಕ್ಲೆಫ್ ಅಂತಾರ. ಬರೇ ಶೃಂಗಾರ ಅದು. ನೀ ಮುಂದಿಂದು ಓದು.”

೧೯೫೮ರಲ್ಲಿ ಸೊಲ್ಲಾಪುರದ ಬಟ್ಟೆ ಗಿರಣಿಯೊಂದರ ಬ್ಯಾಂಡಿನಲ್ಲಿ ಕಾಯಂ ಕೆಲಸ ಖಾಲಿಯಾಯಿತು. ದಾವಲಮಲಿಕ ಹೋದ. ಅಲ್ಲಿ ಕೊಟ್ಟ ಕಾಗದದಲ್ಲಿ ಸುರುಳಿ ಇರಲಿಲ್ಲ. ಕಿವಿಯಂಥ ಗುರುತು, ಪಕ್ಕದಲ್ಲಿ ಎರಡು ಚುಕ್ಕೆ. ಇದೂ ಶೃಂಗಾರವೇ ಇರಬೇಕೆಂದು ಊದಿದ. ಉಳಿದ ವಾದ್ಯಗಳು ಒಂದು ಕಡೆ, ಅವನದು ಇನ್ನೊಂದು ಕಡೆ. ಬ್ಯಾಂಡಿನ ಮುಖ್ಯಸ್ಥ ಊಟಕ್ಕೆ ಹೋದವರನ್ನೂ ಕರೆಸಿ, ಅವನಿಂದ ಮತ್ತೆರಡು ಸಲ ಊದಿಸಿದ. ಎಲ್ಲರೂ ನಕ್ಕು ಮುಗಿದ ಮೇಲೆ ಬಾಗಿಲು ತೋರಿಸಿದ.

ಹೊರಗೆ ಆ ಬ್ಯಾಂಡಿನ ಮುದಿ ಡೋಲಿನವನೊಬ್ಬ ತಿಳಿಸಿ ಹೇಳಿದ: ಯಾವ ಗೆರೆಗೆ ಯಾವ ಸ್ವರ ಎಂಬುದನ್ನು ಆ ಗುರುತೇ ಹೇಳುತ್ತದೆ. ಸುರುಳಿಯಿದ್ದರೆ ಎಲ್ಲಕ್ಕೂ ಕೆಳಗಿನ ಗೆರೆ ಇಂಗ್ಲಿಷ್ ಸ್ವರ ‘ಇ’, ಕಿವಿಯಿದ್ದರೆ ಅದೇ ಗೆರೆ ‘ಜಿ’.

ಊರಿಗೆ ಬಂದವನೇ ಕೇಳಿದ, “ನಿಮಗ ಗೊತ್ತಿತ್ತೇನ್ರಿ?”

“ಗೊತ್ತಿತ್ತು. ಹೇಳಿದ್ದರ ನೀ ಇಲ್ಲಿ ಇರತಿದ್ದೇನು?” ಎಂದರು ಮಾಸ್ತರರು. “ನಾಳಿ ಮನಗೂಳ್ಯಾಗ ಮದುವಿ ಐತಿ. ಲಗೂ ಬಾ.”

ಬೇರೆ ಕಸುಬು ಬಾರದ ಅವನು ಹೋದ. ಎರಡೂ ಗುರುತುಗಳನ್ನು ತಾನೇ ಓದಿ ರೂಢಿಸಿಕೊಂಡ. ಐದು ವರ್ಷದ ಮೇಲೆ ಹೆಂಡತಿ ಸುಲ್ತಾನಬಿಯ ತಮ್ಮ ನಿಜಾಮುದ್ದೀನ ಬ್ಯಾಂಡಿಗೆ ಸೇರಿದಾಗ ಮೊದಲ ದಿನವೇ ಅವನಿಗೆ ಎರಡನ್ನೂ ಬರೆದು ತೋರಿಸಿದ. ಅದು ಗೊತ್ತಾಗಿ ಮಾಸ್ತರರು ದಾವಲಮಲಿಕನ ಕೈಯಿಂದ ವಾದ್ಯ ಕಸಿದುಕೊಂಡರು. ಅವನು ಸಂತೆಪೇಟೆಯಲ್ಲಿ ಹಮಾಲನಾದ.

ನಿಜಾಮುದ್ದೀನನಿಗೆ ಅದೇ ಸೊಲ್ಲಾಪುರದ ಗಿರಣಿ ಬ್ಯಾಂಡಿನಲ್ಲಿ ಕೆಲಸ ಸಿಕ್ಕಿತು. ಎರಡು ವರ್ಷದ ಮೇಲೆ ಬ್ಯಾಂಡಿನ ಕೆಂಪು ಕೋಟು ಹಾಕಿಕೊಂಡು ಸಂತೆಪೇಟೆಗೆ ಬಂದ. ವ್ಯಾಪಾರಿಗಳು ಸುತ್ತ ನೆರೆದು, “ಯಾರ ಕಲಿಸಿದ್ರೋ ನಿನಗ?” ಎಂದು ಕೇಳಿದರು.

“ಬಾಬುಲಾಲ ಮಾಸ್ತರ್ರು,” ಎಂದ. ಹತ್ತು ಮಾರು ದೂರದಲ್ಲಿ ಬೆನ್ನ ಮೇಲೆ ಜೋಳದ ಚೀಲ ಹೊತ್ತು ನಿಂತಿದ್ದ ಭಾವನನ್ನು ಅವನು ನೋಡಿದ್ದ.

ಸುದ್ದಿ ಕೇಳಿ ಸುಲ್ತಾನಬಿ ಗಂಡನ ಮೇಲೆ ಹರಿಹಾಯ್ದಳು: “ಯಾಕ ಸುಮ್ಮ ನಿಂತ್ರಿ?”

“ಹಮಾಲ ಕಲಿಸ್ಯಾನ ಅಂದ್ರ ಅವನ್ನ ನೋಡಿ ನಗತಾರ. ನಗೋದು ಹ್ಯಾಂಗಿರತೈತಿ ನನಗ ಗೊತ್ತೈತಿ.”

ತಮ್ಮನನ್ನು ಹೊಸ್ತಿಲು ತುಳಿಯಗೊಡುವುದಿಲ್ಲವೆಂದು ಅವಳು ಆಣೆ ಮಾಡಿದಳು. ಮೂರು ದಿನ ಬಾಗಿಲಲ್ಲೇ ಕೂತಳು. ನಿಜಾಮುದ್ದೀನ ಆ ಓಣಿಗೇ ಬರಲಿಲ್ಲ.