ಏನೂ ಹಾಕದ ಪ್ಲೇಟು

ರಂಜಾನ್ ಬಂತೆಂದರೆ ರಾಯಚೂರಿನ ನಮ್ಮ ಓಣಿಯಲ್ಲಿ ಪಕ್ಕದ ಮನೆಯ ಖಾಲಾ ಸಿಹಿಯನ್ನು ಹೆಪ್ಪುಗಟ್ಟಿಸುವ ಚೈನಾ ಗ್ರಾಸ್ ಕುದಿಸುತ್ತಾರೆ. ಹಾಲು, ಸಕ್ಕರೆ, ಏಲಕ್ಕಿ ಬೀಳುವ ಮೊದಲು, ಬರೀ ನೀರಿನಲ್ಲಿ ಅದು ಕರಗುವಾಗ ಒಂದು ವಾಸನೆ ಏಳುತ್ತದೆ. ಸಮುದ್ರದ ಪಾಚಿಯ ವಾಸನೆ. ಈ ಸಲವೂ ಅದು ಗೋಡೆ ದಾಟಿ ಬಂತು. ಡ್ಯೂಟಿಗೆ ಹೊರಟಿದ್ದ ನಾನು ಬಾಗಿಲಲ್ಲೇ ನಿಂತುಬಿಟ್ಟೆ... ಖಾಲಾ ಅವರಿಗೆ ಅದು ಉಪವಾಸ ಬಿಡುವ ಹೊತ್ತಿನ ಸಿಹಿ. ನನಗೆ ಮಾತ್ರ ಅದರಿಂದ ನೆನಪಾಗುವುದು ದೇವದುರ್ಗದ ಕಾಲೇಜಿನ ಒಂದು ಕೋಣೆ ಮತ್ತು ನಮ್ಮ ಜೀವಶಾಸ್ತ್ರದ ಮೇಡಂ.

ಆಗ ನಾನು ಪಿಯುಸಿ ಮೊದಲ ವರ್ಷದಲ್ಲಿದ್ದೆ. ಊರಿನಿಂದ ಬಂದು ದೇವದುರ್ಗದ ಒಂದು ಖಾಸಗಿ ಹಾಸ್ಟೆಲಿನಲ್ಲಿ ಉಳಿದಿದ್ದೆ. ಅಲ್ಲಿ ಕುಡಿಯುವ ನೀರೂ ಮಾಳಿಗೆಯ ಮೇಲಿನ ಟಾಕಿಯಿಂದ, ಅಂದರೆ ಟ್ಯಾಂಕಿನಿಂದಲೇ ಬರುತ್ತಿತ್ತು. ಆ ಬೇಸಿಗೆಯ ಮೊದಲಲ್ಲಿ ಹಾಸ್ಟೆಲಿನ ಹುಡುಗಿಯರಿಗೆ ವಾಂತಿಭೇದಿ ಹಿಡಿಯಿತು. ಒಬ್ಬರ ನಂತರ ಒಬ್ಬರು ಮಲಗಿದರು. ಹಾಸ್ಟೆಲ್ ನಡೆಸುತ್ತಿದ್ದವರು ಬಿಸಿಲಿಗೆ ಹೀಗಾಗುತ್ತದೆ ಎಂದರು. ನನ್ನ ಪಕ್ಕದ ಹಾಸಿಗೆಯ ಗೆಳತಿಯನ್ನು ಅವಳ ಮನೆಯವರು ಬಂದು ಕರೆದುಕೊಂಡು ಹೋದರು. ವಾಸಿಯಾದ ಮೇಲೂ ಅವಳು ತಿರುಗಿ ಬರಲಿಲ್ಲ. ಗಂಡು ನೋಡುತ್ತಿದ್ದಾರೆ ಎಂಬ ಸುದ್ದಿ ಮಾತ್ರ ಬಂತು. ಮರುವಾರ, ಒಂದು ಗುರುವಾರ, ನನ್ನಪ್ಪನೂ ಬಂದ. ನನ್ನ ಟ್ರಂಕನ್ನು ತಾನೇ ಎತ್ತಿ ಹೊರಗಿಟ್ಟ.

ಪುಸ್ತಕ ವಾಪಸು ಕೊಡಲೆಂದು ಅವನನ್ನು ಕಾಲೇಜಿಗೆ ಕರೆದುಕೊಂಡು ಹೋದೆ. ನನ್ನ ಮುಖ ನೋಡಿದ್ದೇ ಮೇಡಂಗೆ ಎಲ್ಲ ತಿಳಿಯಿತು. ಗಿಡ್ಡ ಆಳು, ಕಾಟನ್ ಸೀರೆ, ಸದಾ ಸೀಮೆಸುಣ್ಣ ಹತ್ತಿದ ಬೆರಳು. ಅಪ್ಪನನ್ನು ಕುರ್ಚಿಯಲ್ಲಿ ಕೂಡಿಸಿದರು.

"ಯಪ್ಪಾ, ನಾಕು ದಿನ ಕೊಡ್ರಿ. ಹಾಸ್ಟೆಲ್ ಟಾಕಿ ನೀರಿನಾಗ ಏನದ ಅಂತ ನಾವು ನೋಡ್ತೀವಿ. ಸೋಮವಾರ ಬರ್ರಿ. ಆಗ ಬೇಕಾದ್ರ ಕರ್ಕೊಂಡ್ ಹೋಗ್ರಿ, ನಾ ಬ್ಯಾಡ ಅನ್ನಂಗಿಲ್ಲ."

ಅಪ್ಪ ಹಾಸ್ಟೆಲಿಗೆ ಬಂದು ಟ್ರಂಕನ್ನು ತಿರುಗಿ ಒಳಗಿಟ್ಟ. ಕೊನೆಗೆ, "ಅಲ್ಲೀತನ ಆ ನೀರು ಕುಡೀಬ್ಯಾಡವ್ವಾ," ಎಂದಷ್ಟೇ ಹೇಳಿ ಬಸ್ಸು ಹತ್ತಿದ.

ಕಾಲೇಜಿನಲ್ಲಿ ಲ್ಯಾಬ್ ಎಂದರೆ ಎರಡು ಮೇಜು, ಬೀಗ ಜಡಿದ ಒಂದು ಬೀರು. ಮೇಡಂ ಮನೆಯಿಂದ ಪ್ರೆಶರ್ ಕುಕ್ಕರ್ ತಂದರು. ಬೇಳೆಕಟ್ಟು, ಚೂರು ಸಕ್ಕರೆ, ಚಿಟಿಕೆ ಉಪ್ಪು, ಅದರಲ್ಲಿ ಕರಗಿಸಿದ ಚೈನಾ ಗ್ರಾಸ್: ಬ್ಯಾಕ್ಟೀರಿಯಾಗಳಿಗೆ ಅದೇ ಊಟ, ಅದೇ ಹಾಸಿಗೆ. ಕುಕ್ಕರಿನಲ್ಲಿ ಬೇಯಿಸಿ, ಗಾಜಿನ ಪ್ಲೇಟುಗಳಿಗೆ ಹೊಯ್ದು, ಹೆಪ್ಪುಗಟ್ಟುವವರೆಗೆ ನಾವು ಹಾಸ್ಟೆಲಿನ ಕೆಲವು ಹುಡುಗಿಯರು ಉಸಿರು ಬಿಗಿಹಿಡಿದು ನಿಂತೆವು. ಬೆಚ್ಚಗಿಡುವ ಯಂತ್ರ ಇರಲಿಲ್ಲ. "ನಮ್ಮ ಬಿಸಿಲು ಯಾವಾಗ ಕೆಲಸಕ್ಕ ಬರಬೇಕು?" ಎಂದು ನಗುತ್ತ ಮೇಡಂ ಪ್ಲೇಟುಗಳನ್ನು ಆ ಬೀರುವಿನಲ್ಲಿಟ್ಟು ಬೀಗ ಹಾಕಿದರು.

ಐದು ಪ್ಲೇಟು. ಒಂದಕ್ಕೆ ಟಾಕಿಗೆ ಬರುವ ಪೈಪಿನ ನೀರು, ಒಂದಕ್ಕೆ ಟಾಕಿಯ ನೀರು, ಒಂದಕ್ಕೆ ಅದನ್ನೇ ಕುದಿಸಿ ಆರಿಸಿದ ನೀರು, ಇನ್ನೊಂದಕ್ಕೆ ಬ್ಲೀಚಿಂಗ್ ಪೌಡರ್ ಹಾಕಿ ಅರ್ಧ ಗಂಟೆ ಬಿಟ್ಟ ನೀರು. ಐದನೆಯದಕ್ಕೆ ಏನೂ ಇಲ್ಲ. ಯಾಕೆಂದು ಕೇಳಿದರೆ, "ಅದು ನಮ್ಮ ಮ್ಯಾಲಿನ ಕಾವಲು," ಎಂದರು.

ಶನಿವಾರ ಬೀಗ ತೆಗೆದಾಗ ನಾವು ಕುಣಿದಾಡಿದೆವು. ಟಾಕಿಯ ಪ್ಲೇಟಿನ ತುಂಬ ಬಿಳಿ, ಹಳದಿ ಚುಕ್ಕೆಗಳು. ಒಂದೊಂದು ಚುಕ್ಕೆಯೂ ಲಕ್ಷಗಟ್ಟಲೆ ಜೀವಿಗಳ ಗುಂಪು ಎಂದು ಪಾಠದಲ್ಲಿ ಓದಿದ್ದೆವು. ಈಗಲೇ ಒಯ್ದು ಹಾಸ್ಟೆಲಿನವರ ಮುಖಕ್ಕೆ ಹಿಡಿಯೋಣ ಎಂದೆವು. ಮೇಡಂ ಮಾತ್ರ ಐದನೆಯ ಪ್ಲೇಟನ್ನು ಕಿಟಕಿಯ ಬೆಳಕಿಗೆ ಹಿಡಿದು ನಿಂತಿದ್ದರು. ಅದರಲ್ಲೂ ಆರೇಳು ಚುಕ್ಕೆ ಎದ್ದಿದ್ದವು.

"ಏನೂ ಹಾಕದ ಪ್ಲೇಟಿನಾಗೂ ಬೆಳದಾವ ಅಂದ್ರ ನಮ್ಮ ಕೈಯೇ ಹೊಲಸು. ಈಗ ಟಾಕಿಗೆ ಬೈಯಾಕ ನಮಗ ಹಕ್ಕಿಲ್ಲ."

"ಮೇಡಂರೀ, ಸೋಮವಾರ ನಮ್ಮಪ್ಪ ಬರ್ತಾನ್ರೀ!" ನನಗೆ ಅಳು ಬಂದಿತ್ತು. "ಟಾಕಿ ನೀರು ಕೆಟ್ಟದ ಅಂತ ಎಲ್ಲಾರಿಗೂ ಗೊತ್ತದ. ಆ ಒಂದು ಪ್ಲೇಟು ತೋರ್ಸದಿದ್ರ ಆತು."

ಅವರು ಬೈಯಲಿಲ್ಲ. ಐದೂ ಪ್ಲೇಟುಗಳನ್ನು, ಮುಚ್ಚಳ ತೆಗೆಯದೆ, ಕುಕ್ಕರಿನಲ್ಲಿಟ್ಟು ಬೇಯಿಸಿಬಿಟ್ಟರು. ಬೆಳೆಸಿದ್ದನ್ನು ಕೊಲ್ಲದೆ ಹೊರಗೆ ಚೆಲ್ಲಬಾರದು ಎಂದು ಕಲಿಸಿದ್ದೂ ಅವತ್ತೇ. ಆಮೇಲೆ ನನಗೆ ಸೋಪು ಕೊಟ್ಟು, "ಮೊಣಕೈ ತನಕ ತೊಳಕೊಂಡ್ ಬಾ. ಇನ್ನೂ ಎರಡು ದಿನ ಅದ," ಎಂದರು. ಫ್ಯಾನ್ ಆರಿಸಿದೆವು, ಕಿಟಕಿ ಮುಚ್ಚಿದೆವು, ಮೇಜನ್ನು ಸ್ಪಿರಿಟ್ಟಿನಿಂದ ಒರೆಸಿದೆವು. ಬೆವರು ಪ್ಲೇಟಿಗೆ ಬೀಳದಂತೆ ಹಣೆಗೆ ಬಟ್ಟೆ ಕಟ್ಟಿಕೊಂಡು, ಸ್ಪಿರಿಟ್ ದೀಪದ ಉರಿಯ ಪಕ್ಕದಲ್ಲೇ ಮತ್ತೆ ಐದು ಪ್ಲೇಟು ಹೊಯ್ದೆವು.

ಸೋಮವಾರ ಬೆಳಿಗ್ಗೆ ಐದನೆಯ ಪ್ಲೇಟು ಗಾಜಿನಷ್ಟೇ ತಿಳಿಯಾಗಿತ್ತು. ಕುದಿಸಿದ ನೀರಿನದೂ, ಬ್ಲೀಚಿಂಗ್ ಹಾಕಿದ್ದೂ ಹಾಗೇ. ಪೈಪಿನದರಲ್ಲಿ ನಾಲ್ಕೈದು ಚುಕ್ಕೆ. ಟಾಕಿಯದರಲ್ಲಿ ಎಣಿಸಲು ಜಾಗವೇ ಇರಲಿಲ್ಲ.

ಮೇಡಂ ಐದನ್ನೂ ಟ್ರೇಯಲ್ಲಿಟ್ಟು ಹಾಸ್ಟೆಲಿಗೆ ನಡೆದರು, ಹಿಂದೆ ನಾವು. ಹಾಸ್ಟೆಲಿನ ಮಾಲೀಕರು ಕೂತಲ್ಲಿಂದ ಏಳಲಿಲ್ಲ. "ಹುಡುಗ್ಯಾರು ಮಾಡಿದ್ದು ತಂದು ನನಗ ತೋರಸ್ತೀರೇನ್ರೀ?"

"ಹೌದ್ರೀ, ಹುಡುಗ್ಯಾರೇ ಮಾಡ್ಯಾರ. ಯಾವ ರೋಗದ್ದು ಅಂತ ಇದು ಹೇಳಂಗಿಲ್ಲ. ಟಾಕಿಗೆ ಬಂದ ಮ್ಯಾಲೆ ನೀರು ಕೆಡಾಕತ್ತದ ಅಂತ ಹೇಳ್ತದ. ನಂಬಿಕಿ ಇಲ್ಲಂದ್ರ ನೀವೇ ಬಂದು ನಿಮ್ಮ ಕೈಲೆ ಮಾಡಿ ನೋಡ್ರಿ. ಕುಕ್ಕರ್ ಅದ, ಸಾಮಾನು ಅದ. ಸಂಜೀತನ ಕಾಯ್ತೀನಿ. ಆಮ್ಯಾಲೆ ಇವನ್ನ ದೊಡ್ಡಾಸ್ಪತ್ರಿಗೆ ಒಯ್ತೀನಿ."

ಅವರು ಬರಲಿಲ್ಲ. ಆದರೆ ಮಧ್ಯಾಹ್ನವೇ ಅವರು ಕಳಿಸಿದ ಇಬ್ಬರು ಆಳುಗಳು ತೊಳೆಯಲು ಟಾಕಿ ಹತ್ತಿದರು. ಬಸ್ಸಿಳಿದು ಬಂದ ಅಪ್ಪ ನೋಡುತ್ತಿದ್ದಂತೆಯೇ ಒಳಗಿನಿಂದ ಕಪ್ಪು ಕೆಸರೂ ಕೊಳೆತ ಪಾರಿವಾಳದ ಗರಿಗಳೂ ಬಕೆಟ್ಟಿನಲ್ಲಿ ಇಳಿದವು. ಅಪ್ಪ ನನ್ನ ಟ್ರಂಕನ್ನು ಮುಟ್ಟಲಿಲ್ಲ. ಮೇಡಂಗೆ ಕೈ ಮುಗಿದು ಹೊರಟುಹೋದ.

ಮರುವರ್ಷ ಮೇಡಂಗೆ ಮಾನ್ವಿಗೆ ವರ್ಗವಾಯಿತು. ಅದಕ್ಕೂ ಟಾಕಿಗೂ ಸಂಬಂಧವಿತ್ತೋ ಇಲ್ಲವೋ... ಕೇಳಿದರೆ, "ಮಾನ್ವ್ಯಾಗೂ ಟಾಕಿ ಇರ್ತಾವಲ್ಲ," ಎಂದು ನಕ್ಕರು.

ನಾನು ಲ್ಯಾಬ್ ಟೆಕ್ನೀಷಿಯನ್ ಆದೆ, ರಾಯಚೂರಿನಲ್ಲಿ ಕೆಲಸ ಸಿಕ್ಕಿತು. ಮಾನ್ವಿ ದೂರವೇನಲ್ಲ. ಹೋಗಬೇಕು, ಹೋಗಬೇಕು ಅನ್ನುತ್ತಲೇ ವರ್ಷಗಳು ಕಳೆದವು. ಎರಡು ವರ್ಷದ ಹಿಂದೆ ಒಂದು ದಿನ, ನನ್ನ ಮೇಜಿಗೆ ಬಂದ ಸ್ಯಾಂಪಲ್ ಬಾಟಲಿಯ ಮೇಲೆ ಅವರ ಹೆಸರಿತ್ತು. ಅದೇ ಹೆಸರು ಇನ್ನಾರಿಗಾದರೂ ಇರಬಹುದು ಎಂದುಕೊಂಡೆ. ಜೊತೆಗೆ ಬಂದ ಚೀಟಿಯಲ್ಲಿ ಮಾನ್ವಿ, ನಿವೃತ್ತ ಉಪನ್ಯಾಸಕಿ ಎಂದು ಬರೆದಿತ್ತು.

ಮೂತ್ರಪಿಂಡಕ್ಕೆ ಸೋಂಕು ತಗುಲಿತ್ತು. ಬ್ಯಾಕ್ಟೀರಿಯಾ ಬೆಳೆಸಿ, ಔಷಧಿ ಅದ್ದಿದ ಕಾಗದದ ಸಣ್ಣ ಬಿಲ್ಲೆಗಳನ್ನು ಪ್ಲೇಟುಗಳ ಮೇಲಿಟ್ಟೆ. ಔಷಧಿ ಕೆಲಸ ಮಾಡಿದರೆ ಬಿಲ್ಲೆಯ ಸುತ್ತ ತಿಳಿಯಾದ ಉಂಗುರ ಮೂಡಬೇಕು. ಮರುದಿನ ಹನ್ನೆರಡು ಬಿಲ್ಲೆಗಳಲ್ಲಿ ಉಂಗುರ ಕಂಡದ್ದು ಒಂದರ ಸುತ್ತ ಮಾತ್ರ. ಡಾಕ್ಟರಿಗೆ ಫೋನಿನಲ್ಲಿ ತಿಳಿಸಿ, ಓಡಿದಂತೆಯೇ ವಾರ್ಡಿಗೆ ಹೋದೆ.

ಮೇಡಂ ಬಹಳ ಸೊರಗಿದ್ದರು. ಗುರುತು ಹಿಡಿದರು. ನಾನು ಸಮಾಧಾನ ಹೇಳಲು ಬಾಯಿ ತೆರೆಯುವ ಮೊದಲೇ, "ಉಂಗುರ ಎಷ್ಟು ಮಿಲಿಮೀಟರ್ ಬಂತು?" ಎಂದರು.

ಹೇಳಿದೆ. ಕಣ್ಣು ಮುಚ್ಚಿ ಕೇಳಿಸಿಕೊಂಡರು. ತಿಂಗಳ ಹಿಂದೆ ಮೊದಲ ಸಲ ಜ್ವರ ಬಂದಾಗ ಕೊಟ್ಟ ಗುಳಿಗೆಗಳನ್ನು ಮೂರೇ ದಿನಕ್ಕೆ ಬಿಟ್ಟಿದ್ದರಂತೆ. ನಿವೃತ್ತಿಯ ಮೇಲೂ ಒಪ್ಪಿಕೊಂಡಿದ್ದ ಪರೀಕ್ಷೆಯ ಪೇಪರ್ ತಿದ್ದುವ ಕೆಲಸವಿತ್ತಂತೆ. "ನಿಮಗೆಲ್ಲ ಗುಳಿಗಿ ಕೋರ್ಸ್ ಪೂರ್ತಿ ಮುಗಿಸ್ರಿ ಅಂತ ಹೇಳಿದಾಕಿ ನಾನೇ ನೋಡು..." ಎಂದರು. ಅದರಿಂದಲೇ ಬ್ಯಾಕ್ಟೀರಿಯಾ ಔಷಧಿಗಳಿಗೆ ಬಗ್ಗದಂತಾಯಿತೆಂದು ನಾನು ಹೇಳಲಾರೆ. ಆದರೆ ಅವರು ಅದನ್ನು ಮುಚ್ಚಿಡಲಿಲ್ಲ.

"ಆ ಪ್ಲೇಟಿನ ಫೋಟೋ ತಕ್ಕೋ. ನನ್ನ ಹೆಸರು ಅಳಿಸಿ ಮಕ್ಕಳಿಗೆ ತೋರ್ಸು. ಬೋರ್ಡಿನ ಮ್ಯಾಲೆ ಚಿತ್ರ ತಗದ್ರ ಅವರಿಗೆ ತಿಳಿಯಂಗಿಲ್ಲ."

ಆ ಒಂದು ಔಷಧಿಯನ್ನು ಡಾಕ್ಟರು ಅವತ್ತೇ ಶುರು ಮಾಡಿದರು. ಆದರೂ ಆರನೆಯ ದಿನ ಬೆಳಿಗ್ಗೆ ಮೇಡಂ ತೀರಿಹೋದರು.

ಕಳೆದ ವಾರ ರಜೆ ಹಾಕಿ ಮಾನ್ವಿಗೆ ಹೋಗಿದ್ದೆ. ಅಲ್ಲಿನ ಕಾಲೇಜಿನಲ್ಲಿ ವರ್ಷಕ್ಕೊಮ್ಮೆ ಪಾಠ ಮಾಡಲು ಒಪ್ಪಿಕೊಂಡಿದ್ದೇನೆ. ಫೋಟೋ ತೋರಿಸಿದಾಗ ಹಿರೇಕೊಟ್ನೆಕಲ್ಲಿನಿಂದ ಬರುವ ಹುಡುಗಿಯೊಬ್ಬಳು ಎದ್ದು ನಿಂತಳು. "ಮೇಡಂರೀ, ಈ ಪೇಷಂಟ್ ಉಳದ್ರೇನ್ರೀ?"

"ಇಲ್ಲವ್ವಾ."

"ಮೊದಲೇ ಟೆಸ್ಟ್ ಮಾಡಿದ್ರ ಉಳೀತಿದ್ರೇನ್ರೀ?"

"ಗೊತ್ತಿಲ್ಲ," ಎಂದೆ. ನಲವತ್ತು ಮುಖಗಳು ನನ್ನನ್ನೇ ನೋಡುತ್ತಿದ್ದವು. ಫೋಟೋ ಕೆಳಗಿಟ್ಟು, ಎಲ್ಲರಿಗೂ ಮೊಣಕೈವರೆಗೆ ಕೈ ತೊಳೆದು ಬರಲು ಹೇಳಿದೆ. ಅವರು ಬರುವಷ್ಟರಲ್ಲಿ ಐದು ಖಾಲಿ ಪ್ಲೇಟು ಜೋಡಿಸಿ, ಸ್ಪಿರಿಟ್ ದೀಪ ಹಚ್ಚಿದ್ದೆ.