ಕಿವಿಗೆ ಹೋದ ಕೈ

ದೆವ್ವ ನೋಡಿದೆ, ಮೋಹಿನಿ ನೋಡಿದೆ ಎಂದು ಯಾರಾದರೂ ನನ್ನ ಸ್ಟುಡಿಯೊದಲ್ಲಿ ಕೂತು ಶುರು ಮಾಡಿದರೆ, "ಫೋಟೋ ತೆಗೆದ್ರಾ?" ಎಂದು ಕೇಳಿ ಬಾಯಿ ಮುಚ್ಚಿಸುತ್ತಿದ್ದೆ. ಫಿಲ್ಮಿಗೆ ಬೀಳದ್ದು ಲೋಕದಲ್ಲೇ ಇಲ್ಲ ಎಂಬ ಜಂಬ ನನ್ನದು. ಈಗ ನನ್ನ ಪ್ರಶ್ನೆ ನನ್ನ ಕುತ್ತಿಗೆಗೇ ಬಂದಿದೆ. ನೀವು ನಂಬಲೇಬೇಕೆಂದಿಲ್ಲ, ಆದರೆ ಫೋಟೋ ಇದೆ.

ಎಂಬತ್ತರ ದಶಕದ ಮೊದಲ ವರ್ಷಗಳು. ಹುಳಿಯಾರಿನಲ್ಲಿ ನನ್ನ ಸ್ಟುಡಿಯೊ, ಪಕ್ಕದಲ್ಲೇ ಗೆಳೆಯ ಬಾಷಾನ ಟೈಲರ್ ಅಂಗಡಿ. ದುಬೈನಲ್ಲಿ ಮೆಕ್ಯಾನಿಕ್ ಆಗಿದ್ದ ಅವನ ಅಣ್ಣ ಊರಿಗೆ ಬಂದಾಗಲೆಲ್ಲ ಗೇಣುದ್ದದ ಸಿಪಾಯಿ ಬೊಂಬೆಗಳನ್ನು ತರುತ್ತಿದ್ದ. ಕತ್ತು, ಮೊಣಕೈ, ಮಂಡಿ ಎಲ್ಲವೂ ಬಾಗುತ್ತಿದ್ದವು. ಮಕ್ಕಳಿಗೆಂದು ತಂದದ್ದನ್ನು ಮದುವೆಯಾದ ಗಂಡಸರು ನಾವಿಬ್ಬರೂ ಲಪಟಾಯಿಸಿ ಸ್ಟುಡಿಯೊದ ಗಾಜಿನ ಬೀರುವಿನಲ್ಲಿ ಸಾಲಾಗಿ ಇಟ್ಟುಕೊಂಡಿದ್ದೆವು. ಬಾಷಾ ಅವುಗಳ ಸಮವಸ್ತ್ರ ಬಿಚ್ಚಿ ಪಂಚೆ, ಅಂಗಿ, ಟವೆಲ್ ಹೊಲಿದು ತೊಡಿಸುತ್ತಿದ್ದ. ನಾನು ತೋಟದಲ್ಲಿ ನಿಲ್ಲಿಸಿ ಫೋಟೋ ತೆಗೆಯುತ್ತಿದ್ದೆ. ಎರಡು ಕಾಲಿನ ಮೇಲೂ ಸಮ ಭಾರ ಹಾಕಿದರೆ ಬೊಂಬೆ ಬೊಂಬೆಯೇ. ಒಂದು ಮಂಡಿ ಸಡಿಲಿಸಿ, ಸೊಂಟ ಕೊಂಚ ಓರೆ ಮಾಡಿ, ಕ್ಯಾಮೆರಾ ಬಿಟ್ಟು ಬೇರೆಲ್ಲೋ ನೋಡುವಂತೆ ಕತ್ತು ತಿರುಗಿಸಿದರೆ ಯಾರೋ ನಮ್ಮೂರಿನವನೇ ಅನ್ನಿಸುತ್ತಿದ್ದ.

ಒಂದು ಮಧ್ಯಾಹ್ನ ಕಂದಿಕೆರೆ ಕಡೆಯ ನಮ್ಮ ಮನೆಯ ಅಟ್ಟ ಹತ್ತಿದೆವು. ಕೊಬ್ಬರಿಯಾಗಲೆಂದು ವರ್ಷದಿಂದ ಒಣಗುತ್ತಿದ್ದ ಕಾಯಿಯ ರಾಶಿ, ಗಾಜಿನ ಹೆಂಚಿನಿಂದ ಬೀಳುವ ಬೆಳಕು. ನಮ್ಮಲ್ಲಿ ಕಾಯಿಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತಾರೆ. ಒಳಗೆ ಕೊಬ್ಬರಿ ಲೊಡಲೊಡ ಎಂದರೆ ಸುಲಿಯಬಹುದು. ಬೊಂಬೆಯನ್ನು ಹಾಗೆ ನಿಲ್ಲಿಸಬೇಕೆಂದು ನನಗೆ ಬಹಳ ಆಸೆ. ಕಾಯಿಯ ಬದಲಿಗೆ ಒಣಗಿದ ಅಂಟುವಾಳ ಸಿಕ್ಕಿತ್ತು. ಅದೂ ಒಳಗೆ ಸದ್ದು ಮಾಡುತ್ತದೆ. ಆದರೆ ಆ ಬೊಂಬೆಯ ಭುಜದ ಕೀಲು ಕಚ್ಚಿಕೊಂಡು ಕೈ ಎದೆಗಿಂತ ಮೇಲೆ ಏಳಲಿಲ್ಲ.

"ಜಾಸ್ತಿ ಎಳೀಬ್ಯಾಡ ಕಣ್ಲಾ, ಮುರಿದೋಯ್ತದೆ. ಬುಡು, ಸೊಂಟದ ತಾವ್ಲೇ ಇರ್ಲಿ," ಎಂದ ಬಾಷಾ, ಅಂಟುವಾಳ ಹಿಡಿದ ಕೈಯ ಅಂಗಿ ತೋಳನ್ನು ಪಂಚೆಗೆ ಸೇರಿಸಿ ಹೊಲಿದುಬಿಟ್ಟ.

ಎರಡು ಸಲ ಕ್ಲಿಕ್ ಮಾಡಿದೆ. ಅಷ್ಟರಲ್ಲಿ ಕೆಳಗಿನಿಂದ ಅವ್ವ, "ಕಾಪಿ ಆರೋಯ್ತದೆ, ಬನ್ರಪ್ಪಾ," ಎಂದು ಕೂಗಿದಳು. ಕ್ಯಾಮೆರಾ ಅಲ್ಲೇ ಬಿಟ್ಟು ನಾನು ಮೊದಲು ಇಳಿದೆ. ಬಾಷಾ ಸ್ವಲ್ಪ ತಡೆದು ಬಂದ. ಕುಡಿದಾದ ಮೇಲೆ ನಾನೊಬ್ಬನೇ ಹತ್ತಿ ಸಾಮಾನು ಕಟ್ಟಿಕೊಂಡು ಬಂದೆ. ಬೊಂಬೆ ಇಟ್ಟ ಹಾಗೆಯೇ ಇತ್ತು.

ಫಿಲ್ಮ್ ತೊಳೆದಾಗ ಅಟ್ಟದ ಚಿತ್ರಗಳು ಮೂರಿದ್ದವು. ಮೂರನೆಯದರಲ್ಲಿ ಬೊಂಬೆ ಅಂಟುವಾಳವನ್ನು ಕಿವಿಗೆ ಹಿಡಿದು, ತಲೆಯನ್ನು ಅತ್ತ ವಾಲಿಸಿ ಆಲಿಸುತ್ತಿತ್ತು. ನಾನು ನಿಲ್ಲಿಸಿದ ಯಾವ ಬೊಂಬೆಯೂ ಅಷ್ಟು ಸಹಜವಾಗಿ ನಿಂತಿರಲಿಲ್ಲ.

ಮರುಗಳಿಗೆಯೇ ಕಳ್ಳ ಸಿಕ್ಕಿದ ಎಂದುಕೊಂಡೆ. ಹೊಲಿಗೆ ಬಿಚ್ಚಿ ಮತ್ತೆ ಹಾಗೇ ಹಾಕಬಲ್ಲವನು ಬಾಷಾ ಒಬ್ಬನೇ. ಪ್ರಿಂಟನ್ನು ಅವನ ಮೆಷಿನ್ ಮೇಲೆ ಎಸೆದು, "ಚೆನ್ನಾಗೈತೆ ಬುಡ್ಲಾ ನಿನ್ ನಾಟ್ಕ," ಎಂದೆ. ಅವನು ಬಿಳಚಿಕೊಂಡ. ಕುಂಬಳಕಾಯಿ ಕಳ್ಳ ಹೆಗಲು ಮುಟ್ಟಿ ನೋಡಿಕೊಂಡ ಎಂದೇ ನನಗನ್ನಿಸಿತು.

"ನಾನೆಲ್ ಮಾಡ್ದೆ? ನಿನ್ ಕ್ಯಾಮ್ರಾ ಒಂದಿನಾನಾರಾ ಮುಟ್ಟಿದೀನಾ? ಆಮ್ಯಾಲೆ ಒಬ್ನೇ ಅಟ್ಟ ಹತ್ತಿದ್ದು ನೀನು ಕಣ್ಲಾ!"

ಬೀರುವಿನಿಂದ ಬೊಂಬೆ ತಂದು ನೋಡಿದೆವು. ಹೊಲಿಗೆ ಹಾಗೇ ಇತ್ತು. ಬಿಚ್ಚಿ ಎತ್ತಿದರೆ ಕೈ ಎದೆಯವರೆಗೆ ಬಂದು ನಿಂತಿತು.

ಆ ಒಂದು ಪಟ ನಮ್ಮ ಸ್ನೇಹಕ್ಕೆ ಹುಳಿ ಹಿಂಡಿತು. ಅದೇ ಥರದ ಇನ್ನೊಂದು ಬೊಂಬೆ ಕೊಟ್ಟಿದ್ದೆಯಾ ಎಂದು ನಾನು ಊರಿಗೆ ಬಂದ ಅವನ ಅಣ್ಣನನ್ನು ಕೇಳಿದೆ, ಇಲ್ಲ ಎಂದ. ಅಟ್ಟದಲ್ಲಿ ನಾನು ಎಷ್ಟು ಹೊತ್ತಿದ್ದೆ ಎಂದು ಬಾಷಾ ಅವ್ವನ ಹತ್ತಿರ ಗುಟ್ಟಾಗಿ ವಿಚಾರಿಸಿದನಂತೆ. ಟೀ ಮಾತ್ರ ಒಟ್ಟಿಗೇ ಕುಡಿಯುತ್ತಿದ್ದೆವು. ಅವನು ನಕ್ಕು ಒಪ್ಪಿಕೊಳ್ಳಲಿ ಎಂದು ನಾನು ಕಾದೆ. ಅವನೂ ನನ್ನ ಮುಖವನ್ನೇ ನೋಡುತ್ತಿದ್ದ. ಬೊಂಬೆಗಳ ಫೋಟೋ ಅಲ್ಲಿಗೇ ನಿಂತಿತು.

ವರ್ಷಗಳಾದ ಮೇಲೆ ಬಾಷಾ ಅಂಗಡಿ ಮುಚ್ಚಿ ತುರುವೇಕೆರೆಯ ಮಗಳ ಮನೆಗೆ ಹೊರಟ. ಹೇಳಿಹೋಗಲು ಬಂದವನು ಬಾಗಿಲಲ್ಲೇ ನಿಂತ.

"ಈಗ್ಲಾದ್ರೂ ಹೇಳ್ಬುಡು ಕಣ್ಲಾ. ನೀನೇ ತಾನೆ? ಅದು ನೆನಪಾದ್ರೆ ಇವತ್ಗೂ ಒಬ್ನೇ ಕೂರಕ್ಕಾಗಲ್ಲ."

ಅವನ ಮುಖ ನೋಡಿ ಇಲ್ಲ ಎನ್ನಲು ಬಾಯಿ ಬರಲಿಲ್ಲ. "ಊಂ ಕಣ್ಲಾ, ನಾನೇ," ಎಂದುಬಿಟ್ಟೆ.

ಬಾಯಿಗೆ ಬಂದಂತೆ ಬೈದ. ಬೆನ್ನಿಗೊಂದು ಗುದ್ದಿದ. ಕಣ್ಣಲ್ಲಿ ನೀರು ಬರುವಷ್ಟು ನಕ್ಕ. ನನ್ನ ಹಳೆಯ ಬಾಷಾ ವಾಪಸು ಬಂದಿದ್ದ. ನನಗೂ ಸಂತೋಷವಾಯಿತು.

ಬಸ್ಸು ಹೋದ ಮೇಲೆ ಹೊಳೆಯಿತು. ಬಾಯಲ್ಲಿ ಏನೇ ಹೇಳಲಿ, ಅವನೇ ಮಾಡಿರುತ್ತಾನೆ ಎಂಬ ಅನುಮಾನದ ಆಸರೆಯಲ್ಲಿ ಇಷ್ಟು ವರ್ಷ ನಾನು ನಿಶ್ಚಿಂತೆಯಾಗಿ ನಿದ್ದೆ ಮಾಡಿದ್ದೆ. ಅವನೇ ಮಾಡಿದ್ದರೆ ನಾನು ಹೇಳಿದ್ದು ಸುಳ್ಳೆಂದು ಅವನಿಗೆ ಗೊತ್ತಾಗಬೇಕಿತ್ತು. ಅವನು ನಂಬಿಬಿಟ್ಟ.