ಹೈಡಲ್‌ಬರ್ಗ್‌ನ ಅಪರಾಹ್ನ

ದ್ವಾರಕನಾಥರು ಮೈಸೂರಿನವರು. ಹರೆಯದಲ್ಲಿ ಜರ್ಮನಿಗೆ ಬಂದು, ವಾಲ್‌ಡಾರ್ಫಿನ ಸಾಫ್ಟ್‌ವೇರ್ ಕಚೇರಿಯೊಂದರಲ್ಲಿ ತಲೆ ನರೆಯುವ ತನಕ ದುಡಿದು, ಈಗಲೂ ದುಡಿಯುತ್ತಿರುವವರು. ಮನೆ ಹೈಡಲ್‌ಬರ್ಗ್‌ನಲ್ಲಿ. ಬೆಳಿಗ್ಗೆ ಕಾರಿನಲ್ಲಿ ಹೋಗಿ ಸಂಜೆ ಅದೇ ಕಾರಿನಲ್ಲಿ ಬರುವುದು, ಬಂದು ಬೀಗ ತೆಗೆಯುವುದು. ಬೀಗ ತೆಗೆಯುವ ಅಭ್ಯಾಸ ಅವರಿಗೆ ಇನ್ನೂ ಕೈಗೆ ಹತ್ತಿರಲಿಲ್ಲ. ಹೆಂಡತಿ ಸರಸಮ್ಮ ಇದ್ದಾಗ ಬಾಗಿಲು ತಾನಾಗಿ ತೆರೆದುಕೊಳ್ಳುತ್ತಿತ್ತು.

ಸರಸಮ್ಮ ತೀರಿಕೊಂಡದ್ದು ಇದೇ ಊರಿನ ಆಸ್ಪತ್ರೆಯಲ್ಲಿ, ಆಷಾಢ ಶುದ್ಧ ನವಮಿಯಂದು. ಅವರಿಗಿದ್ದವಳು ಒಬ್ಬಳೇ ಮಗಳು, ಲಾವಣ್ಯಾ. ಅವಳು ಬಾನ್‌ನ ಸಂಶೋಧನಾಲಯದಲ್ಲಿದ್ದಳು. ಹಾಗಾಗಿ ವರ್ಷದ ಶ್ರಾದ್ಧವನ್ನು ದ್ವಾರಕನಾಥರೇ ಮಾಡುತ್ತಿದ್ದರು. ಮೈಸೂರಿನ ಶಾಸ್ತ್ರಿಗಳು ಪಂಚಾಂಗ ನೋಡಿ ದಿನ ತಿಳಿಸುತ್ತಿದ್ದರು. ಆ ದಿನ ಫೋನಿನ ಪರದೆಯಲ್ಲಿ ಕಾಣಿಸಿಕೊಂಡು ಮಂತ್ರವನ್ನೂ ಹೇಳಿಕೊಡುತ್ತಿದ್ದರು. ಇವರು ತಪ್ಪದೆ ಎಲ್ಲವನ್ನೂ ಮಾಡುತ್ತಿದ್ದರು. ಈ ಒಂದು ದಿನವಾದರೂ ಸರಸ ಮನೆಯೊಳಗೆ ಬಂದು ಹೋದಳು ಎಂದು ಅನ್ನಿಸಬೇಕು, ಅವರಿಗಿದ್ದ ಆಸೆ ಅಷ್ಟೇ. ಈವರೆಗೆ ಮಾಡಿದ ಎರಡು ಸಲವೂ ಹಾಗೆ ಅನ್ನಿಸಲಿಲ್ಲ. ಎಲೆ ಎತ್ತಿ, ನೆಲ ಒರೆಸಿ, ಮರುದಿನ ಕೆಲಸಕ್ಕೆ ಹೋದರು. ಇದನ್ನು ಯಾರಲ್ಲಿಯೂ ಹೇಳಿಕೊಳ್ಳಲಿಲ್ಲ.

ಕೆಳಗಿನ ಮನೆಯಲ್ಲಿ ಯೆಫಿಮ್ ಎಂಬ ಯೆಹೂದಿ ವೃದ್ಧರಿದ್ದರು. ಒಡೆಸ್ಸಾದಲ್ಲಿ ಟ್ರಾಮ್ ಓಡಿಸಿ, ಮುಪ್ಪಿನಲ್ಲಿ ಇಲ್ಲಿಗೆ ಬಂದವರು. ತಮ್ಮ ಪ್ರಾರ್ಥನಾ ಮಂದಿರದ ಬಾಗಿಲಿಗೆ ವಾರವಾರವೂ ಪ್ರಾರ್ಥನೆಯ ಹೊತ್ತುಗಳನ್ನು ಬರೆದು ಅಂಟಿಸುವ ಹೊಣೆ ಅವರದು. ಅವರ ಪ್ರಾರ್ಥನೆ ಗಡಿಯಾರವನ್ನು ನಂಬಿದ್ದಲ್ಲ, ಸೂರ್ಯನನ್ನು ನಂಬಿದ್ದು. ಬೆಳಗಿನದು ಇಷ್ಟರೊಳಗೆ, ಮಧ್ಯಾಹ್ನದ್ದು ಇಷ್ಟಾದ ಮೇಲೆ, ಮೂರು ನಕ್ಷತ್ರ ಕಂಡರೆ ರಾತ್ರಿ. ಕಣ್ಣು ಮಂಜಾಗುತ್ತ ಬಂದು ಆ ಲೆಕ್ಕ ಕಷ್ಟವಾದಾಗ ಅವರು ಮಹಡಿ ಹತ್ತಿ ಬಂದರು.

"ಹೆರ್ ನಾಥ್, ನೀವು ಸಾಫ್ಟ್‌ವೇರಿನವರು. ಸೂರ್ಯ ಹೇಗೆ ನಡೆಯುತ್ತಾನೆ ಅಂತ ನಿಮ್ಮ ಕಂಪ್ಯೂಟರಿಗೆ ಸ್ವಲ್ಪ ಹೇಳಿಕೊಡಿ," ಎಂದರು.

ಇಬ್ಬರದೂ ಹರಕು ಜರ್ಮನ್. ಅದರಲ್ಲಿಯೇ, ಯೆಹೂದಿಗಳು ಕೆಲಸ ಮುಟ್ಟದ ಶನಿವಾರ ಬಿಟ್ಟು, ಭಾನುವಾರಗಳಲ್ಲಿ ಕೆಲಸ ಸಾಗಿತು.

"ಹಗಲನ್ನು ಹನ್ನೆರಡು ಪಾಲು ಮಾಡಿ. ಒಂದು ಪಾಲು ನಮಗೆ ಒಂದು ಗಂಟೆ."

"ಹಾಗಾದರೆ ಬೇಸಿಗೆಯ ಗಂಟೆ ಉದ್ದ, ಚಳಿಗಾಲದ ಗಂಟೆ ಗಿಡ್ಡ ಆಗುತ್ತದಲ್ಲ?"

"ಮತ್ತೇನು? ಗಂಟೆಗಿಷ್ಟು ಅಂತ ಕೂಲಿ ಕೊಡುವವನು ಸಿಕ್ಕಿದರೆ ಚಳಿಗಾಲದಲ್ಲಿಯೇ ದುಡಿಯಬೇಕು!"

ದ್ವಾರಕನಾಥರಿಗೆ ಈ ಲೆಕ್ಕ ಹೊಸದೆನಿಸಲಿಲ್ಲ. ಅವರ ತಾತನೂ ಹಗಲನ್ನು ಹೀಗೆಯೇ ಪಾಲು ಮಾಡುತ್ತಿದ್ದರು. ರಾಹುಕಾಲಕ್ಕಾದರೆ ಎಂಟು ಪಾಲು, ಶ್ರಾದ್ಧಕ್ಕಾದರೆ ಐದು. ಐದರಲ್ಲಿ ನಾಲ್ಕನೆಯ ಪಾಲು ಅಪರಾಹ್ನ, ಅದು ಪಿತೃಗಳ ಹೊತ್ತು. ತೀರಿಕೊಂಡವರ ತಿಥಿ ಆ ಹೊತ್ತಿನಲ್ಲಿ ಇರುವ ದಿನವೇ ಶ್ರಾದ್ಧದ ದಿನ. ಹುಡುಗನಾಗಿದ್ದಾಗ ಕೇಳಿದ್ದು ಈಗ ನೆನಪಾಗಿ, ಪ್ರೋಗ್ರಾಮಿನ ಒಂದು ಮೂಲೆಯಲ್ಲಿ ತಮ್ಮ ಸಂತೋಷಕ್ಕೆಂದು ಆ ಐದು ಪಾಲುಗಳನ್ನೂ ಸೇರಿಸಿಕೊಂಡರು.

ಸಂಜೆ ಪರೀಕ್ಷೆ. ಯೆಫಿಮ್ ಪಡುವಣ ಬಾಲ್ಕನಿಯಲ್ಲಿ ಎರಡು ಕನ್ನಡಕ ಒಂದರ ಮೇಲೊಂದು ಹಾಕಿಕೊಂಡು ನಿಲ್ಲುತ್ತಿದ್ದರು. ಸೂರ್ಯನ ಕೊನೆಯ ಅಂಚು ಮರೆಯಾದೊಡನೆ "ಹೋದ! ಹೋದ!" ಎಂದು ಟ್ರಾಮಿನ ಗಂಟೆಯಂತೆ ಕೂಗುತ್ತಿದ್ದರು. ದ್ವಾರಕನಾಥರು ಒಳಗಿನಿಂದ ಪರದೆ ನೋಡಿ "ಸರಿ ಇದೆ" ಎನ್ನುತ್ತಿದ್ದರು. ಇದೇ ಬಾಲ್ಕನಿಯಲ್ಲಿ ನಿಂತು ಸರಸಮ್ಮ, ಬೇಸಿಗೆಯಲ್ಲಿ ರಾತ್ರಿ ಒಂಬತ್ತಾದರೂ ಮುಳುಗದ ಸೂರ್ಯನನ್ನು ಕಂಡು, "ಈ ಊರಿನ ಸೂರ್ಯನಿಗೆ ಮನೆ ಮಠ ಏನೂ ಇಲ್ವೇನ್ರೀ?" ಎಂದು ಗೊಣಗುತ್ತಿದ್ದರು. ದ್ವಾರಕನಾಥರು ಆ ಕಡೆಗೆ ಹೆಚ್ಚು ಹೊತ್ತು ನೋಡುತ್ತಿರಲಿಲ್ಲ.

ಆ ವರ್ಷದ ಶ್ರಾದ್ಧ ಗುರುವಾರವೆಂದು ಶಾಸ್ತ್ರಿಗಳು ತಿಳಿಸಿದ್ದರು. "ಬುಧವಾರ ಸಂಜೆ ಐದೂವರೆಯವರೆಗೂ ಅಷ್ಟಮಿಯೇ ಇದೆ ಕಣಯ್ಯಾ. ನವಮಿ ಬರೋದು ಆಮೇಲೆ. ಅಪರಾಹ್ನಕ್ಕೆ ಸಿಗೋದು ಗುರುವಾರವೇ," ಎಂದಿದ್ದರು. ಬುಧವಾರವೇ ರಜೆ ಹಾಕಿ ದ್ವಾರಕನಾಥರು ಮನೆಯನ್ನು ತೊಳೆದು, ಎಳ್ಳು, ಅಕ್ಕಿ, ಉದ್ದು ಎಲ್ಲವನ್ನೂ ತಂದಿಟ್ಟರು. ಮಧ್ಯಾಹ್ನದ ಊಟದ ಹೊತ್ತಿಗೆ ಯೆಫಿಮ್ ಬಂದು ಕುಳಿತರು.

"ಇವತ್ತು ಒಂದು ಆಸೆ. ಒಡೆಸ್ಸಾ ಹಾಕಿ. ಅಲ್ಲಿ ಸೂರ್ಯ ಎಲ್ಲಿದ್ದಾನೆ ನೋಡೋಣ."

ಒಡೆಸ್ಸಾದ ಹೊತ್ತುಗಳು ಪರದೆಯಲ್ಲಿ ಮೂಡಿದವು. ಮುದುಕರು ಅದನ್ನು ಯಾರದೋ ಫೋಟೋ ನೋಡುವಂತೆ ನೋಡಿದರು. ಆಮೇಲೆ ಮೂಗು ಒರೆಸಿಕೊಂಡು, "ಇನ್ನು ನಿಮ್ಮೂರು," ಎಂದರು.

ದ್ವಾರಕನಾಥರು ಮೈಸೂರು ಎಂದು ಹಾಕಿದರು. ಪಕ್ಕದಲ್ಲಿಯೇ ಹೈಡಲ್‌ಬರ್ಗ್ ಇತ್ತು. ಮೈಸೂರಿನಲ್ಲಿ ಅಪರಾಹ್ನ ಆಗಲೇ ಮುಗಿದು ಸಂಜೆಯಾಗುತ್ತಿತ್ತು. ಇಲ್ಲಿ ಅದು ಇನ್ನೂ ಹುಟ್ಟಿರಲಿಲ್ಲ. ಅವರ ಕೈ ನಿಂತಿತು. ಮೈಸೂರಿನ ಸಂಜೆ ಐದೂವರೆ ಎಂದರೆ ಇಲ್ಲಿ ಎರಡು ಗಂಟೆ. ಇನ್ನು ಸ್ವಲ್ಪ ಹೊತ್ತಿಗೆ ನವಮಿ ಬರುತ್ತದೆ. ಇಲ್ಲಿನ ಅಪರಾಹ್ನ ತೊಡಗುವುದೇ ಅದಾದ ಮೇಲೆ. ನಾಳೆ ಇಲ್ಲಿ ಅಪರಾಹ್ನವಾಗುವಷ್ಟರಲ್ಲಿ ನವಮಿ ಕಳೆದೇ ಹೋಗಿರುತ್ತದೆ.

"ಇವತ್ತೇ," ಎಂದರು ಕನ್ನಡದಲ್ಲಿ.

"ಏನು?"

"ನನ್ನ ಹೆಂಡತಿಯ ದಿನ. ಮೈಸೂರಿಗೆ ನಾಳೆ, ಈ ಊರಿಗೆ ಇವತ್ತು. ಅವಳು ಹೋದದ್ದು ಈ ಊರಿನಲ್ಲಿ. ನಾನು ಮಾತ್ರ ಆ ಊರಿನ ಸೂರ್ಯನನ್ನು ನೋಡಿಕೊಂಡು ಕರೆಯುತ್ತಿದ್ದೇನೆ."

ಶಾಸ್ತ್ರಿಗಳಿಗೆ ಫೋನು ಮಾಡಿದರು. ಅವರು ಯಾರ ಮನೆಯ ಪೂಜೆಯಲ್ಲಿದ್ದರೋ, ಎತ್ತಲಿಲ್ಲ. ಮಗಳಿಗೆ ಮಾಡಿದರು. ಅವಳು ಎತ್ತಿದಳು, ವಿಷಯ ಹೇಳಿದರು.

"ಅಪ್ಪಾ, ಜೋಕ್ ಮಾಡ್ತಿದೀಯಾ? ನಾಳೆಗೆ ರಜೆ ಹಾಕಿದೀನಿ, ಟಿಕೆಟ್ಟೂ ನಾಳೆದೇ. ಇವತ್ತು ಲ್ಯಾಬಲ್ಲಿ ಸಿಕ್ಕಿಹಾಕ್ಕೊಂಡಿದೀನಿ."

"ನೀನು ನಾಳೆನೇ ಬಾ ಪುಟ್ಟಿ. ಇವತ್ತು ನಾನು ಮಾಡ್ತೀನಿ."

"ಒಬ್ಬನೇ? ಕುಕ್ಕರಲ್ಲಿ ಅನ್ನ ಇಡೋದು ಬಿಟ್ಟು ಇನ್ನೇನ್ ಬರುತ್ತೆ ನಿಂಗೆ?"

"ಬಂದಷ್ಟು."

ಫೋನು ಇಟ್ಟರೂ ಅವರ ಮನಸ್ಸು ಹೊಯ್ದಾಡುತ್ತಲೇ ಇತ್ತು. ಇವತ್ತು ಮಾಡಿದರೆ ನಾಳೆಯದು ಏನು? ಇಷ್ಟು ವರ್ಷ ನಂಬಿದ ಪಂಚಾಂಗವನ್ನು ಬಿಡುವುದೇ? ಎರಡರಲ್ಲಿ ಅವಳು ಬರುವ ದಿನ ಯಾವುದು?

ಯೆಫಿಮ್ ಕೋಲು ಊರಿ ಎದ್ದರು. "ಹಿಂದೆ ಜೆರುಸಲೇಮಿನಲ್ಲಿ ಹೊಸ ಚಂದ್ರನನ್ನು ಕಂಡು ತಿಂಗಳು ಸಾರುತ್ತಿದ್ದರು. ದೂರದವರಿಗೆ ಆ ಸುದ್ದಿ ಮುಟ್ಟುವುದರೊಳಗೆ ಹಬ್ಬ ಬಂದುಬಿಡುತ್ತಿತ್ತು. ಅದಕ್ಕೇ ಹೊರದೇಶದಲ್ಲಿರುವ ನಮಗೆ ಹಬ್ಬ ಎರಡೆರಡು ದಿನ."

"ಈಗ ಲೆಕ್ಕ ಸರಿಯಾಗಿ ಗೊತ್ತಿದೆಯಲ್ಲ?"

"ಗೊತ್ತಿದೆ. ಆದರೂ ಎರಡು ದಿನ. ದೂರ ಇರುವವರ ಪಾಡು ಅದು. ಎರಡು ದಿನವೂ ಅಡುಗೆ ಮಾಡಬೇಕಲ್ಲ ಅಂತ ನನ್ನ ಹೆಂಡತಿ ರೋಜಾ ಬೈಯುತ್ತಿದ್ದಳು. ನಾನು ಎರಡು ದಿನವೂ ಚೆನ್ನಾಗಿ ತಿನ್ನುತ್ತಿದ್ದೆ." ಬಾಗಿಲ ಬಳಿ ತಿರುಗಿ, "ಹೊತ್ತು ಮೀರಿಸಬೇಡಿ," ಎಂದು ಹೇಳಿ ಇಳಿದುಹೋದರು.

ದ್ವಾರಕನಾಥರು ಮತ್ತೊಮ್ಮೆ ಸ್ನಾನ ಮಾಡಿ ಒಲೆ ಹಚ್ಚಿದರು. ಅನ್ನ, ತೊವ್ವೆ, ಸಾರು, ಒಂದು ಪಾಯಸ. ಪಿತೃಗಳಿಗೆ ಬಡಿಸುವ ಮೊದಲು ರುಚಿ ನೋಡುವಂತಿಲ್ಲ, ನೋಡಲಿಲ್ಲ. ಏಷ್ಯನ್ ಅಂಗಡಿಯ ಬಾಳೆಲೆ ಹಾಸಿದರು. ಗೋತ್ರ ಹೇಳಿ, ಹೆಸರು ಹೇಳಿ, ಎಳ್ಳುನೀರು ಬಿಟ್ಟರು. ಮುಂದಿನ ಮಂತ್ರ ಬಾಯಿಗೆ ಬರಲಿಲ್ಲ. ಹಿಂದಿನೆರಡು ಸಲವೂ ಮನೆ ತುಂಬ ಶಾಸ್ತ್ರಿಗಳ ದನಿಯಿತ್ತು. ಇಂದು ಮನೆ ನಿಶ್ಶಬ್ದವಾಗಿತ್ತು. ಏನಾದರೂ ಹೇಳಬೇಕಲ್ಲ ಎಂದು,

"ಸರಸೂ, ಎಲೆ ಹಾಕಿದೆ. ಬಾ," ಎಂದರು.

ಅಂದ ಮೇಲೆ ಅವರಿಗೆ ಹೊಳೆಯಿತು: ಮದುವೆಯಾದಂದಿನಿಂದ ಊಟಕ್ಕೆ ಕರೆದವಳು ಅವಳು, ಹೋಗಿ ಕುಳಿತವರು ಇವರು. ಒಂದು ದಿನವೂ ಇವರು ಅವಳನ್ನು ಕರೆದಿರಲಿಲ್ಲ. ಮತ್ತೊಮ್ಮೆ ಕರೆದರು. ದನಿ ತಮ್ಮದೇ ಅಲ್ಲವೆಂಬಂತೆ ಕೇಳಿಸಿತು. ಎದುರಿನ ಮಣೆ ಖಾಲಿಯಾಗಿಯೇ ಇತ್ತು. ಆದರೂ ಎದ್ದು ಹೋಗಲು ಮನಸ್ಸಾಗಲಿಲ್ಲ. ಬಿಸಿಲು ನೆಲದ ಮೇಲೆ ನಿಧಾನವಾಗಿ ಸರಿಯುತ್ತಿದ್ದಷ್ಟು ಹೊತ್ತೂ, ಬಡಿಸಿಕೊಂಡವರ ಎದುರು ಕೂರುವಂತೆ ಕುಳಿತೇ ಇದ್ದರು.

ಫೋನು ಬಡಿದುಕೊಂಡಿತು. ಲಾವಣ್ಯಾ.

"ಅಪ್ಪಾ, ಮುಗೀತಾ?"

ಅವರು ಎಲೆಯನ್ನು ನೋಡಿದರು. "ಪುಟ್ಟಿ, ಸಾರಿಗೆ ಉಪ್ಪೇ ಹಾಕಿಲ್ಲ ಕಣೇ. ಈಗ ಜ್ಞಾಪಕ ಬಂತು."

"ಅಯ್ಯೋ ದೇವ್ರೇ! ಅಮ್ಮ ಏನಂದ್ಲು?"

ದ್ವಾರಕನಾಥರು ನಗಲು ಹೋದರು, ಆಗಲಿಲ್ಲ.

"ನಾಳೆ ಮಗಳು ಬರ್ತಾಳಲ್ಲ, ಅವಳ ಕೈಲಿ ಮಾಡಿಸಿ ಅಂದ್ಲು," ಎಂದರು ಕೊನೆಗೆ.

ಇಬ್ಬರೂ ಫೋನು ಇಡಲಿಲ್ಲ.